ಫ್ಲೈಟ್ ಸಿಮ್ಯುಲೇಟರಲ್ಲಿ (ಕಂಪ್ಯೂಟರಲ್ಲಿ ವಿಮಾನ ಹಾರಿಸೋ ಆಟ) ಹಂಗೇರಿಯ ರಾಜಧಾನಿ ಬುಡಾಪೆಸ್ಟ್ ಮೇಲೆ ನಿಧಾನಕ್ಕೆ ಹಾರೋದು ಹೇಗೆ
ದೊಡ್ಡ ಜೆಟ್ ತಗೋಬೇಡಿ, ಊರು ಕಣ್ಣಿಗೆ ಬೀಳೋಷ್ಟರಲ್ಲಿ ದಾಟೋಗಿರತ್ತೆ. ಸೆಸ್ನಾ 172 ಅನ್ನೋ ಪುಟ್ಟ ವಿಮಾನ ಸಾಕು, ರೆಕ್ಕೆ ಮೇಲಿರೋದ್ರಿಂದ ಕೆಳಗಡೆ ಎಲ್ಲಾ ಚೆನ್ನಾಗಿ ಕಾಣತ್ತೆ. ಮ್ಯಾಪಲ್ಲಿ ಊರಿಗೆ ಉತ್ತರಕ್ಕಿರೋ ಸೆಂಟೆಂಡ್ರೆ ಅನ್ನೋ ಪಟ್ಟಣದ ಹತ್ರ ಗಾಳಿಯಲ್ಲೇ ಶುರು ಮಾಡಿ, 1500 ಅಡಿ ಎತ್ತರ, 80 ನಾಟ್ ಸ್ಪೀಡು, ಫ್ಲಾಪ್ಸ್ (ನಿಧಾನಕ್ಕೆ ಹಾರೋಕೆ ರೆಕ್ಕೆ ಹಿಂದೆ ಇಳಿಸೋ ಪಟ್ಟಿಗಳು) 10 ಡಿಗ್ರಿ ಇಟ್ಕೊಂಡು ಡ್ಯಾನ್ಯೂಬ್ ನದಿಯ ಬಲದಂಡೆ ಹಿಡಿದು ದಕ್ಷಿಣಕ್ಕೆ ಹೋಗ್ತಾ ಇರಿ.

ಟೈಮು ಮಾತ್ರ ಸಂಜೆಗೇ ಇಡಿ, ಯಾಕಂದ್ರೆ ಪಾರ್ಲಿಮೆಂಟ್ ಮುಖ ಪಶ್ಚಿಮಕ್ಕಿದೆ, ಹಸಿರು ಮಾರ್ಗರೆಟ್ ದ್ವೀಪ ಮುಗೀತಿದ್ದಂಗೇ ಎಡಗಡೆ ಕಿಟಕೀಲಿ ಆ 96 ಮೀಟರ್ ಗುಮ್ಮಟ, ಸುತ್ತ ಚೂಪು ಗೋಪುರಗಳು, ಎಲ್ಲಾ ಇಳಿಬಿಸಿಲಿಗೆ ಹೊನ್ನಿನ ಬಣ್ಣಕ್ಕೆ ತಿರುಗಿರತ್ತೆ, ನಂಗಂತೂ ಎಷ್ಟು ಸಲ ನೋಡಿದ್ರೂ ಮೈ ಜುಮ್ಮನ್ನತ್ತೆ.

ಮುಂದೆ ಎರಡು ಕಲ್ಲಿನ ಕಮಾನು ಕಂಡ್ರೆ ಅದೇ ಚೈನ್ ಬ್ರಿಡ್ಜ್, 1849ರಲ್ಲಿ ಓಡಾಟಕ್ಕೆ ತೆರೆದಿದ್ದು, ನದಿಯ ಆಚೆ ಈಚೆ ಇರೋ ಬುಡಾ, ಪೆಸ್ಟ್ ಎರಡನ್ನೂ ಸೇರಿಸಿದ ಮೊದಲನೇ ಕಾಯಂ ಸೇತುವೆ. ಬಲಕ್ಕೆ ಅರಮನೆ ಗುಡ್ಡ. ಇಲ್ಲಿ ಒಂದು ಸುತ್ತು ಹೊಡೀಬೇಕು ಅನ್ಸತ್ತೆ, ಹೊಡೀರಿ, ಆದ್ರೆ 20 ಡಿಗ್ರಿಗಿಂತ ಜಾಸ್ತಿ ವಾಲಿಸ್ಬೇಡಿ, ಸ್ವಲ್ಪ ಪವರ್ ಕೊಡಿ, ಇಲ್ಲಾಂದ್ರೆ ಸ್ಪೀಡು ಬಿದ್ದು ಸ್ಟಾಲ್ ಆಗತ್ತೆ, ಅಂದ್ರೆ ರೆಕ್ಕೆ ವಿಮಾನಾನ ಎತ್ತಿ ಹಿಡಿಯೋದು ಬಿಟ್ಟು ಕೆಳಗೆ ಬೀಳತ್ತೆ.

ಗೆಲ್ಲರ್ಟ್ ಗುಡ್ಡ ದಾಟಿದ್ಮೇಲೆ ಎಡಕ್ಕೆ ತಿರುಗಿ, ಆಗ್ನೇಯಕ್ಕೆ ಹೋದ್ರೆ ಏರ್‌ಪೋರ್ಟ್ ಸಿಗತ್ತೆ, ಅಲ್ಲೇ ಇಳಿಸಿ.