ಪಿಜನ್ ಲೇಕ್‌ಗೆ ಹೋಗುವ ಮುಂಚೆ

ಕೆನಡಾದ ಎಡ್ಮಂಟನ್‌ಗೆ ಹೊಸದಾಗಿ ಬಂದ ನಮ್ಮವರು ಬಿಸಿಲು ಶುರುವಾದ ಕೂಡಲೇ ಕೇಳುವುದು, ಮಕ್ಕಳನ್ನು ನೀರಾಡಿಸಲು ಎಲ್ಲಿಗೆ ಕರೆದುಕೊಂಡು ಹೋಗೋಣ ಅಂತ. ನನ್ನ ಉತ್ತರ ಪಿಜನ್ ಲೇಕ್. ಊರಿಂದ ನೈಋತ್ಯಕ್ಕೆ ಸುಮಾರು 100 ಕಿ.ಮೀ. ಬೆಳಿಗ್ಗೆ ಪುಳಿಯೋಗರೆ ಕಟ್ಟಿಕೊಂಡು ಹೊರಟರೆ ಆಯಿತು.

ಕೆರೆ ದೊಡ್ಡದು, ಸುಮಾರು 97 ಚದರ ಕಿ.ಮೀ. ಆದರೆ ಎಲ್ಲಕ್ಕಿಂತ ಆಳದ ಜಾಗದಲ್ಲೂ 9 ಮೀಟರ್ ಅಷ್ಟೇ. ಮಾ-ಮಿ-ಓ ಬೀಚ್‌ನಲ್ಲಿ ಮರಳಿದೆ, ಚಿಕ್ಕ ಮಕ್ಕಳಿಗೆ ಒಳ್ಳೆಯದು. ಹಾಗಂತ ಮೈ ಮರೆಯಬೇಡಿ. ಗಾಳಿ ಎದ್ದರೆ ಇಂಥ ನೀರಿನಲ್ಲಿ ಅಲೆ ಬೇಗ ಏಳುತ್ತದೆ, ಗಾಳಿ ತುಂಬಿದ ರಿಂಗು ಮಗುವಿನ ಸಮೇತ ದಡ ಬಿಟ್ಟು ಹೋಗುತ್ತದೆ. ನಮ್ಮಲ್ಲಿ ಈಜು ಬರದ ಅಪ್ಪ ಅಮ್ಮಂದಿರೇ ಜಾಸ್ತಿ ಅಲ್ವಾ, ಹಾಗಾಗಿ ಲೈಫ್ ಜಾಕೆಟ್ ಮಕ್ಕಳಿಗಷ್ಟೇ ಅಲ್ಲ, ನಿಮಗೂ ಬೇಕು. ನೀರಿಂದ ಬಂದ ತಕ್ಷಣ ಟವೆಲ್‌ನಲ್ಲಿ ಚೆನ್ನಾಗಿ ಒರೆಸಿ. ಬಿಸಿಲಲ್ಲಿ ಹಾಗೇ ಒಣಗಲಿ ಅಂತ ಬಿಟ್ಟರೆ ನೀರಲ್ಲಿರುವ ಸಣ್ಣ ಹುಳು ಚರ್ಮಕ್ಕೆ ಹೊಕ್ಕು, ಮೈಯೆಲ್ಲ ತುರಿಕೆ ಬರಬಹುದು.

ಜುಲೈ ಕೊನೆ, ಆಗಸ್ಟ್‌ನಲ್ಲಿ ಪಾಚಿಯ ಕಾಟ. ಇದು ನಮ್ಮೂರಿನ ಮೆಟ್ಟಿಲ ಪಾಚಿಯಲ್ಲ. ದಡದಲ್ಲಿ ಹಸಿರು ಪೇಂಟ್ ಚೆಲ್ಲಿದ ಹಾಗೆ ಕಾಣುತ್ತದೆ, ವಾಸನೆಯೂ ಬರುತ್ತದೆ. ಅದರಲ್ಲಿ ವಿಷ ಇರಬಹುದು, ನೀರು ಕುದಿಸಿದರೂ ಹೋಗುವುದಿಲ್ಲ. ಆಲ್ಬರ್ಟಾ ಆರೋಗ್ಯ ಇಲಾಖೆಯ ಎಚ್ಚರಿಕೆ ನೋಡಿಕೊಂಡೇ ಮನೆ ಬಿಡಿ. ಆ ದಿನಗಳಲ್ಲಿ ಮೀನು ಸಿಕ್ಕರೆ ಬರೀ ಮಾಂಸದ ಹೋಳು ತಿನ್ನಿ. ತಲೆ, ಕರುಳು ಎಲ್ಲ ಹಾಕಿ ಸಾರು ಮಾಡುವ ಆಸೆ ಬಿಡಿ, ಮೀನಿನ ಪಿತ್ತಜನಕಾಂಗದಲ್ಲಿ ಆ ವಿಷ ಉಳಿಯಬಹುದು.

ಪಾಚಿ ಬೆಳೆಯುವುದು ರಂಜಕದಿಂದ (ಫಾಸ್ಫರಸ್). ಅದು ತಳದ ಕೆಸರಲ್ಲೂ ಇದೆ, ಸುತ್ತಲ ಹೊಲ, ಕಾಟೇಜುಗಳಿಂದಲೂ ಬರುತ್ತದೆ. ಈ ಕೆರೆಯ ನೀರು ಪೂರ್ತಿ ಬದಲಾಗಲು 100 ವರ್ಷಕ್ಕೂ ಜಾಸ್ತಿ ಬೇಕು, ಅಂದರೆ ಸೇರಿದ್ದು ಬೇಗ ಹೋಗುವುದಿಲ್ಲ. ದಯವಿಟ್ಟು ಬಿಸಿಬೇಳೆ ಬಾತಿನ ಪಾತ್ರೆಯನ್ನು ದಡದಲ್ಲಿ ಸೋಪು ಹಾಕಿ ತೊಳೆಯಬೇಡಿ. ಇದನ್ನು ಕೋಪದಿಂದಲೇ ಹೇಳುತ್ತಿದ್ದೇನೆ. ಬೆಳ್ಳಂದೂರು ಕೆರೆಯಿಂದ ರಸ್ತೆಗೆ ನೊರೆ ಹಾರಿದ್ದನ್ನು, 2017ರಲ್ಲಿ ಅಲ್ಲಿ ಬೆಂಕಿ ಎದ್ದದ್ದನ್ನು ನೋಡಿದವರು ನಾವು. ಅಪ್ಪ ಈಜು ಕಲಿತ ಕೆರೆಯಲ್ಲಿ ನಾನು ಕಾಲೂ ಇಡಲಿಲ್ಲ. ನನ್ನ ಮಗಳಿಗೆ ಕೆರೆ ಅಂದರೆ ಇದೇ, ಇಲ್ಲಿ ಯಾವ ಕಡೆ ಕಪ್ಪೆಚಿಪ್ಪು ಸಿಗುತ್ತದೆ ಅಂತ ಅವಳಿಗೇ ಗೊತ್ತು. ಊರು ಅಂತ ಅವಳು ಯಾವುದನ್ನು ಕರೆಯುತ್ತಾಳೋ ಅಂತ ಮೊದಲು ಸಂಕಟವಾಗುತ್ತಿತ್ತು. ಈಗಲೂ ಸ್ವಲ್ಪ ಆಗುತ್ತದೆ.

ಮೀನು ಹಿಡಿಯಲು ಲೈಸೆನ್ಸ್ ಆನ್‌ಲೈನಲ್ಲೇ ಸಿಗುತ್ತದೆ, 16 ವರ್ಷದೊಳಗಿನ ಮಕ್ಕಳಿಗೆ ಬೇಡ. ಫೆಬ್ರುವರಿಯ ಫ್ಯಾಮಿಲಿ ಡೇ ರಜೆಯ ವಾರಾಂತ್ಯದಲ್ಲಿ ಯಾರಿಗೂ ಬೇಡ, ಆಗ ಬನ್ನಿ, ಕೆರೆ ಹೆಪ್ಪುಗಟ್ಟಿರುತ್ತದೆ. ಮಂಜುಗಡ್ಡೆ ಮೇಲೆ ಒಬ್ಬರು ನಡೆಯಲು ಕನಿಷ್ಠ 15 ಸೆಂ.ಮೀ. ದಪ್ಪ ಇರಬೇಕು, ಗುಂಪಾಗಿ ಹೋಗುವುದಾದರೆ ಇನ್ನೂ ಜಾಸ್ತಿ. ಮಂಜುಗಡ್ಡೆಗೆ ತೂತು ಕೊರೆದು ಮೀನು ಹಿಡಿಯಲು ಡ್ರಿಲ್ ಹಿಡಿದು ಕೂತ ಇಲ್ಲಿನವರನ್ನು ಕೇಳಿ, ಎಷ್ಟು ದಪ್ಪ ಇದೆ, ಎಲ್ಲಿ ಹೋಗಬಾರದು ಅಂತ ಹೇಳುತ್ತಾರೆ. ಫ್ಲಾಸ್ಕಿನಲ್ಲಿ ಕಾಫಿ ತಂದಿದ್ದರೆ ಅವರಿಗೂ ಒಂದು ಲೋಟ ಕೊಡಿ.