ಒಂದು ಪ್ರಶ್ನೆ ಹಿಡಿದು ವರ್ಷವಿಡೀ ಓದುವ ಬಗೆ

ವರ್ಷಕ್ಕೆ ಇಷ್ಟು ಪುಸ್ತಕ ಮುಗಿಸಬೇಕೆಂದು ಲೆಕ್ಕ ಹಾಕಿಕೊಂಡವರು ಬರಬರುತ್ತಾ ತೆಳ್ಳಗಿನ ಪುಸ್ತಕಗಳನ್ನೇ ಹುಡುಕತೊಡಗುತ್ತಾರೆ. ಉದ್ದೇಶವಿಟ್ಟು ಓದಬೇಕೆನ್ನುವವರು ಲೆಕ್ಕದ ಬದಲು ಒಂದು ಪ್ರಶ್ನೆಯನ್ನು ಆರಿಸಿಕೊಳ್ಳಬೇಕು. ಕಲಬುರಗಿಯವನಾದ ನಾನು ಕಳೆದ ವರ್ಷ ಆರಿಸಿಕೊಂಡದ್ದು ಇದು: ನಮ್ಮ ಸೀಮೆಯಲ್ಲಿ ಹುಟ್ಟಿದ ಬರಹ ಇಲ್ಲಿನ ಜನರ ಬಗ್ಗೆ, ಅವರ ನುಡಿಯ ಬಗ್ಗೆ ಏನು ಹೇಳುತ್ತದೆ? ಆ ವರ್ಷದಲ್ಲಿ ನನಗೆ ಅತ್ಯಂತ ಪ್ರಿಯವಾದ ಪುಸ್ತಕಗಳನ್ನೇ ಉದಾಹರಣೆಯಾಗಿಟ್ಟುಕೊಂಡು ಕ್ರಮವನ್ನು ವಿವರಿಸುತ್ತೇನೆ.

ಮೊದಲು ಕಠಿಣವಾದ ಒಂದು ಪುಸ್ತಕವನ್ನು ಕೈಗೆತ್ತಿಕೊಳ್ಳಿ. ಆದರೆ ಅದನ್ನು ಮೊದಲ ಪುಟದಿಂದಲೇ ಓದಬೇಕೆಂಬ ಹಟ ಬೇಡ. ಒಂಬತ್ತನೆಯ ಶತಮಾನದಲ್ಲಿ ರಾಷ್ಟ್ರಕೂಟ ಅರಸ ಅಮೋಘವರ್ಷ ನೃಪತುಂಗನ ಆಸ್ಥಾನದಲ್ಲಿ ರಚಿತವಾದ 'ಕವಿರಾಜಮಾರ್ಗ' ಅಲಂಕಾರಶಾಸ್ತ್ರದ ಗ್ರಂಥವೆಂದು ಹೆದರಿ ದೂರ ಉಳಿಯುವವರೇ ಹೆಚ್ಚು. ಗದ್ಯಾನುವಾದವಿರುವ ಆವೃತ್ತಿಯನ್ನು ತಂದುಕೊಂಡು, ಮೊದಲನೆಯ ಪರಿಚ್ಛೇದದಲ್ಲಿ ಕನ್ನಡ ನಾಡಿನ ಮೇರೆಯನ್ನು ಹೇಳುವ ಪದ್ಯಗಳಿಂದ ಓದು ಆರಂಭಿಸಿ, ಪಕ್ಕದಲ್ಲಿ ಒಂದು ಭೂಪಟವನ್ನು ಬಿಡಿಸಿಟ್ಟುಕೊಳ್ಳಿ. ಕಾವೇರಿಯಿಂದ ಗೋದಾವರಿಯವರೆಗೆ ಎಂದ ಕವಿ, ತಿರುಳ್ಗನ್ನಡದ, ಅಂದರೆ ಅಚ್ಚಗನ್ನಡದ, ನಾಡನ್ನು ಗುರುತಿಸುವಾಗ ಕಿಸುವೊಳಲು (ಪಟ್ಟದಕಲ್ಲು), ಕೊಪಣ (ಕೊಪ್ಪಳ), ಪುಲಿಗೆರೆ (ಲಕ್ಷ್ಮೇಶ್ವರ), ಒಂಕುಂದ (ಒಕ್ಕುಂದ) ಎಂಬ ಊರುಗಳನ್ನು ಹೆಸರಿಸುತ್ತಾನೆ. ಆದರೆ ರಾಜಧಾನಿಯಾದ ಮಾನ್ಯಖೇಟ, ಅಂದರೆ ನಮ್ಮ ಸೇಡಂ ತಾಲ್ಲೂಕಿನ ಮಳಖೇಡ, ಆ ನಾಲ್ಕರಲ್ಲಿ ಇಲ್ಲ. ಅರಸನ ಆಸ್ಥಾನದಲ್ಲಿದ್ದುಕೊಂಡೇ ನುಡಿಯ ತಿರುಳನ್ನು ದಕ್ಷಿಣದ ಊರುಗಳಲ್ಲಿ ಕಂಡದ್ದು ಏಕೆ ಎಂಬ ಪ್ರಶ್ನೆ ನನ್ನನ್ನು ತಿಂಗಳುಗಟ್ಟಲೆ ಬಿಡಲಿಲ್ಲ. ಇಂಥ ಪ್ರಶ್ನೆ ಎದ್ದ ದಿನವೇ ಅದನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಬೇಕು. ಸಾರಾಂಶ ಬರೆಯುವುದಕ್ಕಿಂತ ಇದರಿಂದ ಪ್ರಯೋಜನ ಹೆಚ್ಚು. ಸಾಧ್ಯವಾದರೆ ಕಾಗಿಣಾ ನದಿಯ ದಂಡೆಯ ಮಳಖೇಡ ಕೋಟೆಗೆ ಹೋಗಿ ಬಂದು ಅದೇ ಪದ್ಯಗಳನ್ನು ಇನ್ನೊಮ್ಮೆ ಓದಿ.

ಎರಡನೆಯದಾಗಿ, ದೊಡ್ಡ ರಾಶಿಯಿಂದ ಚಿಕ್ಕ ಹಿಡಿಯನ್ನು ಮಾತ್ರ ತೆಗೆದುಕೊಳ್ಳಿ. ಸಮಗ್ರ ವಚನ ಸಂಪುಟಗಳು ಹದಿನೈದು ಇವೆ. ಅವನ್ನು ಸಾಲಾಗಿ ಓದಲು ಹೊರಟವರು ದಾರಿಯಲ್ಲೇ ದಣಿಯುತ್ತಾರೆ. ಕಲ್ಯಾಣದಲ್ಲಿ ಕಾಯಕ ಮಾಡಿಕೊಂಡಿದ್ದ ಆಯ್ದಕ್ಕಿ ಮಾರಯ್ಯ ಮತ್ತು ಲಕ್ಕಮ್ಮ ದಂಪತಿಯ ವಚನಗಳನ್ನಷ್ಟೇ ಒಟ್ಟಿಗಿಟ್ಟು ಓದಿ. ಅಗತ್ಯಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದ ಗಂಡನಿಗೆ, ಆಸೆ ಅರಸರಿಗೆ ಇರಲಿ, ಶಿವಭಕ್ತರಿಗೆ ಸಲ್ಲದು, ಅದನ್ನು ಅಲ್ಲಿಯೇ ಸುರಿದು ಬಾ ಎನ್ನುವ ಲಕ್ಕಮ್ಮನ ಮಾತು, ಗಂಡನ ವಚನಗಳ ಜೊತೆಗಿಟ್ಟಾಗ ಒಂದು ಮನೆಯೊಳಗಿನ ವಾದವಾಗಿ ಕೇಳಿಸುತ್ತದೆ. ಒಂದೇ ಪದ ಬೇರೆಬೇರೆ ಶರಣರಲ್ಲಿ ಹೇಗೆ ಬಂದಿದೆ ಎಂದು ನೋಡಲು 'ವಚನ ಸಂಚಯ' ಜಾಲತಾಣದ ಹುಡುಕಾಟ ತುಂಬ ಅನುಕೂಲ.

ಕಾದಂಬರಿಯ ಸರದಿ ಬಂದಾಗ ಗಟ್ಟಿಯಾಗಿ ಓದಿ. ಗೀತಾ ನಾಗಭೂಷಣ ಅವರ 'ಬದುಕು' 2004ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆಯಿತು. ಆ ಪ್ರಶಸ್ತಿ ಪಡೆದ ಮೊದಲ ಕನ್ನಡ ಲೇಖಕಿ ಅವರು, ಕಲಬುರಗಿ ಜಿಲ್ಲೆಯ ಸಾವಳಗಿಯವರು. ಅಲ್ಲಿನ ಸಂಭಾಷಣೆಗಳು ನಮ್ಮ ಓಣಿಯ ಮಾತೇ ಆಗಿರುವುದರಿಂದ, ಕಣ್ಣಿಗಷ್ಟೇ ಒಪ್ಪಿಸಿದರೆ ಬೈಗುಳದೊಳಗಿನ ಅಕ್ಕರೆಯೂ ಅಕ್ಕರೆಯೊಳಗಿನ ಸಂಕಟವೂ ಕೈತಪ್ಪುತ್ತವೆ. ಮನೆಯ ಹಿರಿಯರ ಮುಂದೆ ನಾಲ್ಕು ಪುಟ ಓದಿದರೆ, ನಿಘಂಟಿನಲ್ಲಿ ಸಿಗದ ಶಬ್ದಗಳಿಗೆ ಅವರೇ ಅರ್ಥ ಹೇಳುತ್ತಾರೆ. ವರ್ಷದ ಓದಿನಲ್ಲಿ ಒಂದನ್ನೇ ಉಳಿಸಿಕೊಳ್ಳಬೇಕೆಂದರೆ ನಾನು ಈ ಕಾದಂಬರಿಯನ್ನೇ ಉಳಿಸಿಕೊಳ್ಳುತ್ತೇನೆ.

ಒಳಗಿನವರ ಬರಹದ ಜೊತೆ ಹೊರಗಿನವರದ್ದೊಂದು ಇರಲಿ. ಸುರಪುರದಲ್ಲಿ ಆಡಳಿತ ನಡೆಸಿದ ಬ್ರಿಟಿಷ್ ಅಧಿಕಾರಿ ಮೆಡೋಸ್ ಟೇಲರನ ಆತ್ಮಕಥೆ 1877ರಲ್ಲಿ, ಅವನು ತೀರಿಕೊಂಡ ಮೇಲೆ ಪ್ರಕಟವಾಯಿತು. ತನ್ನ ಕಣ್ಣೆದುರೇ ಬೆಳೆದ ಅಲ್ಲಿನ ಅರಸ ವೆಂಕಟಪ್ಪ ನಾಯಕನ ಬಗ್ಗೆ ಅವನಿಗೆ ಮಮತೆಯಿತ್ತು. ಆ ಅರಸನೇ 1858ರಲ್ಲಿ ಬ್ರಿಟಿಷರ ವಿರುದ್ಧ ದಂಗೆಯೆದ್ದ. ಮಮತೆ ಮತ್ತು ಅಧಿಕಾರ ಒಂದೇ ಕೈಯಲ್ಲಿದ್ದಾಗ ಬರಹಗಾರ ಏನನ್ನು ಹೇಳದೆ ಬಿಡುತ್ತಾನೆ ಎಂದು ಕೇಳಿಕೊಳ್ಳುತ್ತಾ ಇದನ್ನು ಓದಬೇಕು.

ಇನ್ನು ಸಮಯದ ಮಾತು. ನಮ್ಮ ಬೇಸಿಗೆಯ ಮಧ್ಯಾಹ್ನಗಳಲ್ಲಿ ಹಳಗನ್ನಡ ತಲೆಗೆ ಹತ್ತುವುದಿಲ್ಲ. ಅದನ್ನು ಚಳಿಗಾಲದ ಬೆಳಗಿಗೆ ಇಟ್ಟುಕೊಂಡು, ಕಾದಂಬರಿಯನ್ನು ಏಪ್ರಿಲ್, ಮೇ ತಿಂಗಳಿಗೆ ಬಿಡಿ. ಪುಸ್ತಕಕ್ಕೆ ಮೊದಲು ಜಿಲ್ಲಾ ಕೇಂದ್ರ ಗ್ರಂಥಾಲಯದಲ್ಲಿ ವಿಚಾರಿಸಿ, ಆಮೇಲೆ ಕಲಬುರಗಿಯ ಸರಸ್ವತಿ ಗೋದಾಮಿನ ಪುಸ್ತಕದಂಗಡಿಗಳಿಗೆ ಹೋಗಿ. ಪ್ರಶ್ನೆಗೆ ಸಂಬಂಧವಿಲ್ಲದ ಪುಸ್ತಕ ಎಷ್ಟೇ ಚೆನ್ನಾಗಿದ್ದರೂ ಅದರ ಹೆಸರನ್ನು ನೋಟ್‌ಬುಕ್ಕಿನ ಕೊನೆಯ ಹಾಳೆಯಲ್ಲಿ ಬರೆದಿಟ್ಟು, ಮುಂದಿನ ವರ್ಷದ ಪ್ರಶ್ನೆಯನ್ನು ಆ ಹಾಳೆಯಿಂದಲೇ ಆರಿಸಿಕೊಳ್ಳಿ.