ಬಾಡಿ ಲಿಫ್ಟ್ ಆದ ಹಳೇ ಜೀಪನ್ನು ಆರ್‌ಟಿಒಗೆ ಒಯ್ಯುವ ಮುನ್ನ

ಚಾಸಿ, ಅಂದರೆ ಗಾಡಿಯ ಕೆಳಗಿನ ಚೌಕಟ್ಟಿನ ಮೇಲೆ ಬಿಲ್ಲೆಗಳನ್ನಿಟ್ಟು ಬಾಡಿಯನ್ನು ಎತ್ತರಿಸುವುದೇ ಬಾಡಿ ಲಿಫ್ಟ್. ಎರಡು ಇಂಚಿನವರೆಗೆ ಹೀಗೆ ಎತ್ತಿಸಿದರೆ ಕಾನೂನು ಕೇಳುವುದಿಲ್ಲ ಎಂಬ ಮಾತು ಗ್ಯಾರೇಜುಗಳಲ್ಲಿ ಓಡಾಡುತ್ತಿದೆ. ನಂಬಬೇಡಿ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಇಂಚಿನ ಲೆಕ್ಕಕ್ಕೇ ಹೋಗುವುದಿಲ್ಲ. ವಾಹನದ ರಚನೆ ಬದಲಾಗಿ ಅದರ ಮೂಲ ಲಕ್ಷಣವೇ ಬೇರೆಯಾದರೆ ಅದನ್ನು ಮಾರ್ಪಾಡು ಎನ್ನುತ್ತದೆ. ತಯಾರಕರು ಕೊಟ್ಟ ಮೂಲ ವಿವರಗಳನ್ನು ಬದಲಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಹೇಳಿದೆ. ಅದೇ ಕಾಯ್ದೆಯ ಸೆಕ್ಷನ್ 182ಎ(4)ರ ಪ್ರಕಾರ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಜೈಲು, ಅಥವಾ ಎರಡೂ. ಸೆಕೆಂಡ್ ಹ್ಯಾಂಡ್ ಕೊಂಡವರೂ ನಿಶ್ಚಿಂತೆಯಿಂದ ಇರಬೇಡಿ. ದಂಡ ಕಟ್ಟಬೇಕಾದವರು ಈಗಿನ ಮಾಲೀಕರೇ ಎಂದುಕೊಂಡು ಲಿಫ್ಟ್ ತೆಗೆಯುವ ಕೆಲಸ ಶುರುಮಾಡಿ.

1. ಪತ್ತೆ ಹಚ್ಚುವುದು ಸುಲಭ. ಚಾಸಿ ಮತ್ತು ಬಾಡಿ ನಡುವೆ, ಮೂಲ ರಬ್ಬರ್ ಬುಷ್ ಜೊತೆಗೆ ನೈಲಾನ್ ಅಥವಾ ಅಲ್ಯೂಮಿನಿಯಂ ಬಿಲ್ಲೆ ಕಂಡರೆ ಅದೇ ಲಿಫ್ಟ್. ಕಬ್ಬಿಣದ ಪೈಪ್ ಕತ್ತರಿಸಿ ಇಟ್ಟ ಮಹಾನುಭಾವರೂ ಇದ್ದಾರೆ.

2. ಹಿಂದಿನ ರಾತ್ರಿಯೇ ಬೋಲ್ಟುಗಳಿಗೆ ತುಕ್ಕು ಬಿಡಿಸುವ ಎಣ್ಣೆ ಹೊಡೆಯಿರಿ. ಬೆಳಿಗ್ಗೆ ಬ್ಯಾಟರಿಯ ನೆಗೆಟಿವ್ ಕಳಚಿ.

3. ಕೆಡುವುದು ಇಲ್ಲಿ. ಎರಡೂ ಬದಿಯ ಬೋಲ್ಟುಗಳನ್ನು ಸಡಿಲಿಸಿ, ಆದರೆ ಪೂರ್ತಿ ತೆಗೆಯುವುದು ಒಂದೇ ಬದಿಯವನ್ನು. ಎರಡೂ ಬದಿ ಒಟ್ಟಿಗೆ ತೆಗೆದರೆ ಬಾಡಿ ಜಾರಿ, ತೂತಿಗೆ ತೂತು ಕೂಡುವುದಿಲ್ಲ. ಜಾಕ್ ಮೇಲೆ ದಪ್ಪ ಮರದ ಹಲಗೆ ಇಟ್ಟು, ಬಾಡಿಯನ್ನು ಬಿಲ್ಲೆ ಹೊರಬರುವಷ್ಟೇ ಎತ್ತಿ. ಎತ್ತುವಾಗ ಒಬ್ಬರು ರೇಡಿಯೇಟರ್ ಪೈಪ್, ಡೀಸೆಲ್ ತುಂಬುವ ಕೊಳವೆ, ಬ್ರೇಕ್ ಪೈಪ್, ಅರ್ತ್ ವೈರ್ ನೋಡುತ್ತಲೇ ಇರಲಿ. ಬೆರಳು ಒಳಗಿಡಬೇಡಿ, ಬಿಲ್ಲೆಯನ್ನು ಕೋಲಿನಿಂದ ತಳ್ಳಿ. ಆ ಬದಿ ಇಳಿಸಿ ಬೋಲ್ಟುಗಳನ್ನು ಸಡಿಲವಾಗಿ ಕೂರಿಸಿ, ಇನ್ನೊಂದು ಬದಿಗೂ ಹೀಗೇ ಮಾಡಿ.

ಇಳಿಸಿದ ಮೇಲೆ ಲಿಫ್ಟಿನ ಉದ್ದ ಬೋಲ್ಟನ್ನೇ ಹಾಕಿ, ವಾಷರ್ ಪೇರಿಸಿ ಬಿಗಿಯುವ ಚಾಳಿ ಬಿಡಿ. ಬೋಲ್ಟಿನ ಥ್ರೆಡ್ ಮುಗಿದು ನಟ್ ನಿಲ್ಲುತ್ತದೆ; ಕೈಗೆ ಬಿಗಿ ಅನಿಸಿದರೂ ಬಾಡಿ ಸಡಿಲವಾಗಿಯೇ ಇರುತ್ತದೆ. ಮೂಲ ಅಳತೆಯ ಹೊಸ ಬೋಲ್ಟ್ ತನ್ನಿ, ಒಡೆದ ಬುಷ್ ಬದಲಿಸಿ. ಎರಡೂ ಬದಿಯವು ಕೈಯಲ್ಲಿ ಕೂತ ಮೇಲಷ್ಟೇ ಮ್ಯಾನ್ಯುಯಲ್‌ನಲ್ಲಿರುವ ಟಾರ್ಕಿಗೆ (ಬಿಗಿತದ ಅಳತೆಗೆ) ಬಿಗಿಯಿರಿ. 500 ಕಿ.ಮೀ. ಓಡಿದ ಮೇಲೆ ಮತ್ತೊಮ್ಮೆ ನೋಡಿ.

4. ಲಿಫ್ಟಿಗಾಗಿ ಬದಲಿಸಿದ್ದನ್ನೆಲ್ಲ ಹಿಂದಕ್ಕೆ ತನ್ನಿ. ರೇಡಿಯೇಟರ್ ಕೆಳಗಿಳಿಸಿದ ಪಟ್ಟಿ ಹಾಗೇ ಉಳಿದರೆ ಫ್ಯಾನ್ ರೆಕ್ಕೆ ಸುತ್ತಲಿನ ಕವಚಕ್ಕೆ ಬಡಿಯುತ್ತದೆ. ಉದ್ದ ಮಾಡಿದ್ದ ಬ್ರೇಕ್ ಪೈಪ್ ಜೋತುಬಿದ್ದು ಸೈಲೆನ್ಸರಿಗೆ ತಾಗದಿರಲಿ. ಸ್ಟೇರಿಂಗ್ ಶಾಫ್ಟಿಗೆ ತುಂಡು ವೆಲ್ಡ್ ಮಾಡಿದ್ದರೆ ಕತ್ತರಿಸಿ ಮತ್ತೆ ವೆಲ್ಡ್ ಮಾಡಿಸಲೇಬೇಡಿ, ಮೂಲ ಶಾಫ್ಟ್ ಹಾಕಿಸಿ. ಇದರಲ್ಲಿ ಉಳಿತಾಯದ ಮಾತೇ ಬೇಡ.

5. ಟೈರ್. ಬಾಡಿ ಎತ್ತಿದ್ದರಿಂದ ಆಕ್ಸಲ್ ಒಂದು ಮಿಲಿಮೀಟರೂ ಮೇಲೇರಿರುವುದಿಲ್ಲ; ಮೇಲೇರಿಸಿದ್ದು ದೊಡ್ಡ ಟೈರ್. ಮೂಲ ಟೈರ್ 235/75 ಆರ್15 ಆಗಿದ್ದರೆ ಅದರ ವ್ಯಾಸ ಸುಮಾರು 734 ಮಿ.ಮೀ., ಬದಲಿಸಿ ಹಾಕಿದ 31 ಇಂಚಿನದು 787. ಅಂದರೆ ನೆಲದಿಂದ ಸಿಕ್ಕಿದ್ದು ಆ ವ್ಯತ್ಯಾಸದ ಅರ್ಧ, ಬರೀ 27 ಮಿ.ಮೀ., ಜೊತೆಗೆ ಮೀಟರ್ 60 ತೋರಿಸುವಾಗ ಗಾಡಿ 64ರಲ್ಲಿ ಓಡುತ್ತಿರುತ್ತದೆ. ಬಾಡಿ ಇಳಿದ ಮೇಲೆ ಅದೇ ಟೈರ್ ಮಡ್‌ಗಾರ್ಡಿಗೆ ಉಜ್ಜುತ್ತದೆ. ಮೂಲ ಅಳತೆಯದನ್ನೇ ಹಾಕಿ, ಸ್ಟೇರಿಂಗನ್ನು ಎರಡೂ ಕಡೆ ಪೂರ್ತಿ ತಿರುಗಿಸಿ ನೋಡಿ.

6. ಆರ್‌ಸಿಯ 15 ವರ್ಷ ಮುಗಿಯುತ್ತಿದ್ದರೆ ನವೀಕರಣಕ್ಕೆ ನಮೂನೆ 25. ಅವಧಿ ಮುಗಿಯುವ 60 ದಿನಕ್ಕಿಂತ ಮೊದಲು ಅರ್ಜಿ ಹಾಕುವಂತಿಲ್ಲ. ಆದ್ದರಿಂದ ಬೋಲ್ಟಿನ ಕೆಲಸವನ್ನು ಅದಕ್ಕೂ ಮುಂಚೆಯೇ ಮುಗಿಸಿಡಿ.